ಅರ್ಧ ರೇಟು

ಹಬ್ಬ ಮುಗಿದ ಮಾರನೆಯ ದಿನ ಅರ್ಧ ಬೆಲೆಗೆ ಪಟಾಕಿ ತಂದು ಮಕ್ಕಳ ಕೈಗೆ ಕೊಡುತ್ತಿದ್ದ ಗಂಡ, ಇವತ್ತು ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ಚೌಕಾಸಿಯನ್ನೇ ಮರೆತಿದ್ದ. ಯುರೋಪಿನ ಹಡಗಿನಲ್ಲಿ ಬಾಲ್ಕನಿ ಇರುವ ರೂಮು, ವಿಮಾನದಲ್ಲಿ ಕಾಲು ಚಾಚಿ ಮಲಗುವ ಸೀಟು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಬೆಳಿಗ್ಗೆ ಡಾಕ್ಟರು ಹೇಳಿದ್ದಕ್ಕೂ ಹೀಗೇ ತಲೆಯಾಡಿಸಿ ಎದ್ದುಬಂದಿದ್ದಳು.

"ಯಾವಾಗ ಹೊರಡ್ತೀರಾ ಸರ್?"

"ಆದಷ್ಟು ಬೇಗ."

ಬುಕಿಂಗ್ ಹುಡುಗಿಗೇ ಪಾಪ ಅನ್ನಿಸಿತು. "ಈಗ ಸೀಸನ್ನು, ತುಂಬಾ ದುಬಾರಿ ಸರ್. ಮುಂದಿನ ವರ್ಷಕ್ಕೆ ಈಗಲೇ ಬುಕ್ ಮಾಡಿದ್ರೆ ಅರ್ಧ ರೇಟಲ್ಲಿ ಆಗುತ್ತೆ."

ಎಷ್ಟೋ ದಿನಗಳ ಮೇಲೆ ಅವನ ಕಣ್ಣು ಅರಳಿದ್ದನ್ನು ಅವಳು ನೋಡಿದಳು.

"ಅರ್ಧಾನಾ? ಹಾಗಾದ್ರೆ ಈ ಸಲ ಇಬ್ಬರಿಗೂ ಮಾಡಿ. ಮುಂದಿನ ವರ್ಷಕ್ಕೆ ಇವಳೊಬ್ಬಳಿಗೆ."