ಬರೆದುಕೊಟ್ಟ ಮಾತು

ಪುಟ್ಟಗೌರಮ್ಮ ಚೀಟಿಯನ್ನು ನಾಲ್ಕನೆಯ ಸಲ ಮಡಿಸಿದಳು. ಅಂಗೈ ಬೆವರಿಗೆ ಶಾಯಿ ಕದಡಿತ್ತು. ಚೀಟಿಯಲ್ಲಿ ಎಂಟು ಸಾಲು. ಏಳು ಸಾಲು ಪಶು ಆಹಾರದ ಬಗ್ಗೆ, ದನದ ಡಾಕ್ಟರು ವಾರಕ್ಕೊಮ್ಮೆ ಬರಬೇಕೆಂಬುದರ ಬಗ್ಗೆ. ಎಂಟನೆಯದು ಬೈರಮ್ಮನ ಬಗ್ಗೆ.

“ಏಳು ಮರ್ತ್ರೂ ಚಿಂತೆ ಇಲ್ಲ,” ಎಂದಿದ್ದ ಗಂಡ ಚಲುವರಾಜು, ಬೆಳಿಗ್ಗೆ ಹಸುವಿನ ಮೈ ತೊಳೆಯುತ್ತಾ. “ಎಂಟನೇದು ಹೇಳ್ದೆ ಬಂದ್ರೆ ಈ ಹೊಸ್ಲು ದಾಟ್ಬೇಡ. ಚಿನ್ನು ಮಾತ್ರ ಇಲ್ಲೇ ಇರ್ತಾಳೆ.”

ಅವನು ದನಿ ಏರಿಸಿರಲಿಲ್ಲ. ಏರಿಸಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಮಗಳು ಚಿನ್ನುವಿಗೆ ಇನ್ನೂ ಎರಡು ತುಂಬಿರಲಿಲ್ಲ. ಮೊಲೆ ಬಿಟ್ಟಿರಲಿಲ್ಲ.

ಎದುರುಬದುರು ಮಾತಾಡಿಸುವ ಯೋಚನೆ ಮಂಡ್ಯದ ಹಾಲು ಒಕ್ಕೂಟದಿಂದ ಬಂದಿದ್ದ ಮೇಡಂ ಅವರದು. ಕ್ಯಾತನಹಳ್ಳಿಯಿಂದಾಚೆಯ ಈ ಊರಿನಲ್ಲಿ ಹೆಂಗಸರ ಹಾಲಿನ ಸಂಘ ಶುರುವಾಗಿ ಐದು ವರ್ಷ. ಅಧ್ಯಕ್ಷೆಯ ಜಾಗಕ್ಕೆ ಇಬ್ಬರು ನಿಂತದ್ದು ಇದೇ ಮೊದಲು. ಪುಟ್ಟಗೌರಮ್ಮನ ಎದುರು ಬೈರಮ್ಮ.

“ಅಮೆರಿಕದಲ್ಲಿ ಅಧ್ಯಕ್ಷರಾಗೋರು ಜನರ ಮುಂದೆ ನಿಂತು ವಾದ ಮಾಡ್ತಾರೆ. ಟೀವೀಲಿ ತೋರಿಸ್ತಾರೆ. ನಾವೂ ಇಬ್ಬರ ಮಾತು ಕೇಳಿ, ಆಮೇಲೆ ಕೈ ಎತ್ತೋಣ,” ಎಂದರು ಮೇಡಂ.

“ಆಯ್ತು ಬುಡಿ,” ಎಂದಳು ಮುಂದಿನ ಸಾಲಿನ ಚಿಕ್ಕಮ್ಮ. “ನಲ್ಲಿ ತಾವ ದಿನಾ ಮಾಡೋದ್ನೇ ಇವತ್ತು ಮೈಕಲ್ಲಿ ಮಾಡ್ತೀವಿ.”

ಹೆಂಗಸರು ನಕ್ಕರು. ಪುಟ್ಟಗೌರಮ್ಮನಿಗೆ ನಗಲಾಗಲಿಲ್ಲ.

ಸಂಘ ಹೆಂಗಸರದು, ಡೈರಿಯ ಬೀಗದ ಕೈ ಮಾತ್ರ ಯಾವಾಗಲೂ ಅಧ್ಯಕ್ಷೆಯ ಗಂಡನ ಜೇಬಿನಲ್ಲಿರುತ್ತಿತ್ತು. ಬೈರಮ್ಮನಿಗೆ ಗಂಡನಿಲ್ಲ. ಅವಳು ಗೆದ್ದರೆ ಬೀಗದ ಕೈ ಅವಳ ಸೊಂಟದಲ್ಲೇ ಉಳಿಯುತ್ತದೆ. ಅದಕ್ಕೆಂದೇ ಚಲುವರಾಜು ಹೆಂಡತಿಯ ಹೆಸರು ಕೊಟ್ಟಿದ್ದ. “ನಿನ್ನ ಎದ್ರು ಅವ್ಳು ನಿಲ್ಲಲ್ಲ ಕಣೆ. ನಿನ್ನ ಹೆಸ್ರು ಕೇಳಿದೇಟ್ಗೆ ವಾಪಸ್ ತಗತಾಳೆ,” ಎಂದಿದ್ದ. ಬೈರಮ್ಮ ವಾಪಸ್ ತೆಗೆದುಕೊಳ್ಳಲಿಲ್ಲ. ಆಗ ಹುಟ್ಟಿದ್ದು ಎಂಟನೆಯ ಸಾಲು.

ಹೊಸ ಅಧ್ಯಕ್ಷೆ ಮೊದಲ ಕ್ಯಾನಿಗೆ ಅರಿಶಿನ ಕುಂಕುಮ ಹಚ್ಚಿ ಹಾಲು ಸುರಿದ ಮೇಲೆಯೇ ಉಳಿದವರು ಸುರಿಯುವುದು ಸಂಘದ ಪದ್ಧತಿ. ಬೈರಮ್ಮನ ಗಂಡ ಸೋಮಯ್ಯ ಸತ್ತು ಹದಿನಾಲ್ಕು ವರ್ಷವಾಗಿತ್ತು. ಚೀಟಿ ಕೇಳುತ್ತಿತ್ತು: ಗಂಡನನ್ನು ನುಂಗಿದವಳ ಕೈಯಲ್ಲಿ ಕುಂಕುಮ ಇಡಿಸಿದರೆ ನಮ್ಮ ಹಸುಗಳು ಉಳಿಯುತ್ತವೆಯೆ?

ಹೇಳಿದರೆ ಬೈರಮ್ಮ ಅಲ್ಲೇ ಕುಸಿಯುತ್ತಾಳೆ. ಹೇಳದಿದ್ದರೆ ಚಿನ್ನು ಇಲ್ಲ. ಇವೆರಡೇ ಆಗುವುದು ಎಂದು ಪುಟ್ಟಗೌರಮ್ಮ ನಂಬಿದ್ದಳು. ತಿಂಗಳಿಂದ ಅವಳು ಬೈರಮ್ಮನ ಬೀದಿಗೆ ಕಾಲಿಟ್ಟಿರಲಿಲ್ಲ. ಹೋದ ವಾರ ಡೈರಿಯ ಬಾಗಿಲಲ್ಲಿ ಎದುರಾದಾಗ ಚಿನ್ನು ಬೈರಮ್ಮನ ಕಡೆ ಎರಡೂ ಕೈ ಚಾಚಿದ್ದಳು. ಚಲುವರಾಜು ಮಗುವನ್ನು ಕಿತ್ತುಕೊಂಡಿದ್ದ.

“ಮೊದಲು ಪುಟ್ಟಗೌರಮ್ಮ,” ಎಂದರು ಮೇಡಂ.

ಅವಳು ಎದ್ದಳು. ಚೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಬೈರಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಶಾಮಿಯಾನದ ಹಿಂದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಗಂಡಸರ ನಡುವೆ ನಿಂತಿದ್ದ ಚಲುವರಾಜುವನ್ನು ನೋಡಿದಳು.

“ನಾನೇ ಮೊದ್ಲು ಮಾತಾಡ್ಬುಡ್ತೀನಿ ಮೇಡಮ್ಮೋರೆ. ಅವ್ಳು ಕೂತ್ಕಳ್ಳಿ. ವಯಸ್ಸಾದೋಳು ನಾನು, ಆಮೇಕೆ ಮರ್ತೋಯ್ತದೆ.”

ಬೈರಮ್ಮ ಮೈಕು ಹಿಡಿದಳು.

“ಪಶು ಆಹಾರದ ಕತೆ ನಿಮ್ಗೇ ಗೊತ್ತು. ಎಲ್ರಿಗೂ ಗೊತ್ತಿದ್ದು ಯಾರೂ ಬಾಯ್ಬುಡ್ದೇ ಇರೋದ್ನ ನಾನೇ ಹೇಳ್ಬುಡ್ತೀನಿ. ನಾನು ಗಂಡ ಸತ್ತೋಳು. ಗಂಡನ್ನ ನುಂಗ್ದೋಳು ಅಂತ ಅನ್ನೋದು ನನ್ ಕಿವೀಗೂ ಬಿದ್ದದೆ. ನಾನು ಕುಂಕುಮ ಇಟ್ರೆ ಹಸ ಸಾಯ್ತವಂತೆ. ಹದ್ನಾಕು ವರ್ಸದಿಂದ ನನ್ ಹಸಾನ ನಾನೇ ಕರೀತೀನಿ. ಒಂದಿನಾನೂ ಅದು ಇಂದಕ್ಕೆ ತಿರುಗಿ, ನಿನ್ ಗಂಡ ಎಲ್ಲಮ್ಮಿ ಅಂತ ಕೇಳಿಲ್ಲ.”

ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಮಿಕ್ಕವರು ಬಾಯಿಗೆ ಸೆರಗು ಒತ್ತಿಕೊಂಡರು.

“ಆಯ್ತಲ್ಲ. ಈಗ ಆ ಮಾತ ಇನ್ನೊಬ್ರ ಬಾಯಲ್ಲಿ ಹೇಳ್ಸೋ ಅವಶ್ಯ ಇಲ್ಲ.”

ಪುಟ್ಟಗೌರಮ್ಮನ ಉಸಿರು ಹೊರಬಿತ್ತು. ಎಂಟನೆಯ ಸಾಲು ಖಾಲಿಯಾಗಿತ್ತು.

ಅಷ್ಟರಲ್ಲಿ ಗಂಡಸರ ಗುಂಪಿನಿಂದ ಒಂದು ದನಿ ಬಂತು. “ಸೋಮಯ್ಯ ಹಾವು ಕಚ್ಚಿ ಗದ್ದೆ ಬದೀಲಿ ಬಿದ್ದಿದ್ದಾಗ ನೀನೆಲ್ಲಿದ್ದೆ? ಅದ್ನೂ ಮೈಕಲ್ಲಿ ಹೇಳು. ಸಾಯ್ಲಿ ಅಂತ ಬುಟ್ಟು ಬಂದ್ಯಂತೆ.”

ಆ ದಿನ ಬಯಲಲ್ಲಿ ಮನೆಯವರ ಹೊರತು ಯಾರೂ ಇರಲಿಲ್ಲ. ಕಂಡೆನೆಂದು ಯಾರೂ ಹೇಳದ ಸಾವಿಗೆ ಊರು ತನ್ನದೇ ಕತೆ ಕಟ್ಟಿಕೊಂಡಿತ್ತು. ಬೈರಮ್ಮ ಮೈಕನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು.

“ಪುಟ್ಟಗೌರಮ್ಮ, ನೀವೇನಾದರೂ ಹೇಳ್ತೀರಾ?” ಎಂದು ಮೇಡಂ ಕೇಳಿದರು.

ಹಿಂದಿನಿಂದ ಚಲುವರಾಜು ಬೇಡವೆಂದು ಕೈಯಾಡಿಸಿದ. ಕೂತ್ಕೋ ಎಂದು ಸನ್ನೆ ಮಾಡಿದ. ಅವನ ಕೆಲಸ ಆಗಿತ್ತು. ಅವಳು ಸುಮ್ಮನೆ ಕೂತಿದ್ದರೆ ಸಾಕಿತ್ತು. ಸಂಜೆಗೆ ಹೊಸ್ತಿಲೂ ಇರುತ್ತಿತ್ತು, ಮಗುವೂ ಇರುತ್ತಿತ್ತು.

ಚಿನ್ನು ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಪುಟ್ಟಗೌರಮ್ಮ ಒಮ್ಮೆ ಆ ಕಡೆ ನೋಡಿದಳು. ಎದ್ದು ಮೇಜಿನ ತನಕ ಹೋದಳು. ಮೈಕು ಅವಳ ಉಸಿರನ್ನು ಮೊದಲು ಊರಿಗೆಲ್ಲ ಕೇಳಿಸಿತು.

“ನಾನು ಕಂಡಿವ್ನಿ,” ಎಂದಳು. “ಅಪ್ಪನ್ನ ಬೆನ್ಮೇಲೆ ಹೊತ್ಕಂಡು ಅವ್ವ ಟಾರ್ ರೋಡ್‌ಗಂಟ ಓಡಿದ್ಲು, ಅಪ್ಪನ ಕಾಲು ನೆಲಕ್ಕೆ ತಾಗ್ದಂಗೆ ಇಡ್ಕಂಡು ಇಂದಿಂದ್ಲೆ ಓಡ್ದೋಳು ನಾನು.”