ಒಲೆ ಬಿಟ್ಟು ಬಂದ ದಿನ

ಬೆಂಕಿಯಿಲ್ಲದೆ, ನೀರಿನಲ್ಲಿ ಮುಳುಗಿಸಿದ ಲೋಹದ ಕಡ್ಡಿಯಿಂದಲೇ ಕಾಯುವ ಒಲೆಗಳು ಆಗ ಎಲ್ಲ ಊರುಗಳಿಗೂ ಬಂದಿದ್ದವು. ಒಲೆಯನ್ನು ಮೊದಲ ಸಲ ಯಾರು ಹಚ್ಚಿದಾಗ ಅದು ಕಾದಿತ್ತೋ ಅವರು ದೂರ ಹೋದರೆ ಆರುತ್ತದೆ ಎಂದು ಜನ ನಂಬಿದ್ದರು. ಏಕೆಂದು ಯಾರಿಗೂ ಗೊತ್ತಿರಲಿಲ್ಲ.

ಬೆಳಗಾವಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳನ್ನು ಬೆಚ್ಚಗಿಡುವ ಒಲೆ, ಅಲ್ಲೇ ಕೆಲಸಕ್ಕಿದ್ದ ವತ್ಸಲಾಬಾಯಿ ಹಚ್ಚಿದಾಗ ಕಾದಿತ್ತು. ಅದರ ಪಕ್ಕದ ಕೋಣೆಯಲ್ಲೇ ಆಕೆ ಒಬ್ಬಳೇ ಮುದುಕಿಯಾದಳು. ಅಕ್ಕನ ಮದುವೆಗೂ ಹೋಗಲಿಲ್ಲ.

ಒಂದು ಮುಂಜಾನೆ ಗದಗಿನಿಂದ ಅಕ್ಕನ ಮಗಳು ಫೋನ್ ಮಾಡಿದಳು.

"ಮೌಶಿ, ಅವ್ವ ಇನ್ನ ಉಳಿಯೂದಿಲ್ಲ. ನಿನ್ನನ್ನೇ ಕೇಳ್ಲಿಕ್ಕತ್ತಾಳ."

"ಹೋಗಿ ಬರ್ರಿ, ಕೂಸುಗಳಿಗೆ ಕರೆಂಟಿನ ಹೀಟರ್ ತರಸ್ತೇನಿ," ಎಂದ ಆಸ್ಪತ್ರೆಯ ಎಂಜಿನಿಯರ್ ಇರ್ಫಾನ್.

ಬಸ್ಸು ಧಾರವಾಡ ದಾಟಿದಾಗ ಆಕೆ ಅವನಿಗೆ ಫೋನ್ ಮಾಡಿದಳು. "ಒಲಿ ಆರೇತೇನು?"

"ಇಲ್ರೀ. ಮೊದಲಿನಂಗ ಬಿಸಿ ಐತಿ. ನೀವು ಇಲ್ಲದಿದ್ರೂ ನಡೀತೈತ್ರಿ."

ಕೂಸುಗಳು ಬೆಚ್ಚಗಿವೆ ಎಂದು ಆಕೆಗೆ ನೆಮ್ಮದಿಯಾಯಿತು. ಆಮೇಲೆ ಗದಗು ಬರುವವರೆಗೂ ಕಿಟಕಿಯತ್ತ ಮುಖ ತಿರುಗಿಸಿ ಅತ್ತಳು.

ಅಕ್ಕ ಕಣ್ಣು ತೆರೆದಳು. "ಒಲಿ ಬಿಟ್ಟು ಹೆಂಗ ಬಂದಿ?"

ಎಂದೋ ಬರಬಹುದಾಗಿತ್ತು ಎಂಬ ಮಾತನ್ನು ವತ್ಸಲಾಬಾಯಿ ತನ್ನಲ್ಲೇ ಇಟ್ಟುಕೊಂಡಳು. ಅಕ್ಕನ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಆರಿದ್ರ ಆರ್ಲಿ ಅಂತ ಬಂದೆ, ಅಕ್ಕಾ."