ಬಾಡಿಗೆ ಸ್ಕೂಟರ್

ಒಂದು ಹೆಜ್ಜೆಯೂ ನಡೆಯಲಾರದ ಅಮ್ಮನಿಗೆಂದು ಸದಾನಂದ, ಗಾಲಿಕುರ್ಚಿಯಂತೆ ಕೂತು ಒಳಗೂ ಹೊರಗೂ ಓಡಾಡಬಹುದಾದ ಬ್ಯಾಟರಿ ಸ್ಕೂಟರನ್ನು ಬಾಡಿಗೆಗೆ ತಂದಿದ್ದ. ಹೋಟೆಲಿಗೆ ಬಂದಾಗಿನಿಂದ, ಅದು ಕಳುವಾದರೆ ಗತಿಯೇನು ಎಂಬುದೊಂದೇ ಚಿಂತೆ. ಊಟವಾಗಿ ಅಮ್ಮನಿಗೆ ಜೊಂಪು ಹತ್ತಿದ್ದೇ, ಸ್ಕೂಟರನ್ನು ಕೋಣೆಯ ಕಿಟಕಿ ಸರಳಿಗೆ ಸರಪಳಿಯಿಂದ ಬಿಗಿದು ಬೀಗ ಜಡಿದ.

"ರೂಮಿನೊಳಗೂ ಬೀಗಾನಾ?" ಎಂದಳು ಹೆಂಡತಿ.

"ಹೋಟೆಲಿನೋರ ಹತ್ರಾನೂ ರೂಮಿನ ಕೀ ಇರತ್ತೆ. ಯಾರನ್ನ ಅಂತ ನಂಬೋದು?"

ಬೀಗದ ಕೈ ಜೇಬಿಗಿಳಿಸಿ, ಅವಳನ್ನು ಕರೆದುಕೊಂಡು ಅರಮನೆ ನೋಡಲು ಹೊರಟ.

ಸಂಜೆ ಬಂದವನೇ ದೀಪ ಹಾಕಿ, ನೇರ ಕಿಟಕಿಗೆ ಹೋಗಿ ಬೀಗ ಜಗ್ಗಿ ನೋಡಿದ.

"ಸದ್ಯ! ಇಟ್ಟಲ್ಲೇ ಇದೆ."

ಆಮೇಲಷ್ಟೇ ಅವನ ಮೂಗಿಗೆ ವಾಸನೆ ಬಡಿಯಿತು. ಒದ್ದೆಯಾದ ಹಾಸಿಗೆಯನ್ನು ಸೆರಗಿನಿಂದ ಮುಚ್ಚುತ್ತ ಅಮ್ಮ ಗೋಡೆಯತ್ತ ಮುಖ ತಿರುಗಿಸಿದಳು.

"ನಾನೂ ಇಟ್ಟಲ್ಲೇ ಇದ್ದೀನಿ ಕಣೋ."